ಮನೆಯಿಂದ ತಂದ ದಣಿವು

ಸೋಮವಾರ ಬೆಳಗಿನ ಪಾಳಿ ಶುರುವಾದಾಗ ಫಕ್ಕೀರೇಶನ ದಣಿವು ಹದಿನೆಂಟು ಇತ್ತು. ಅವನ ಹೆಂಡತಿ ಪಾರವ್ವನದು ನಲವತ್ತೊಂಬತ್ತು.

ಇಬ್ಬರೂ ಒಂದೇ ಮನೆಯಿಂದ, ಒಂದೇ ಗಾಡಿಯ ಮೇಲೆ, ಒಂದೇ ಹೊತ್ತಿಗೆ ಬಂದವರು. ಗೇಟಿನಲ್ಲಿ ಇಬ್ಬರ ಮುಂಗೈಗೂ ಒಂದೇ ಡಬ್ಬಿಯಿಂದ ತೆಗೆದ ಪಟ್ಟಿ ಕಟ್ಟಿದ್ದರು. ಹಿಂದಿನ ದಿನ ಭಾನುವಾರ, ಇಬ್ಬರಿಗೂ ರಜೆ. ಫಕ್ಕೀರೇಶ ಗೋಡೆಯಗಲದ ಪರದೆಯ ಮೇಲೆ ಆ ಎರಡು ಅಂಕಿಗಳನ್ನು ನೋಡಿದ. ಹೆಂಡತಿಯ ಪಟ್ಟಿ ಕೆಟ್ಟಿರಬೇಕು ಎಂದುಕೊಂಡ. ಆಮೇಲೆ ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದ ಪುಂಡಿಪಲ್ಯದ ನಾರನ್ನು ನಾಲಿಗೆಯಿಂದ ಕೆದಕುತ್ತ ಚಹಾ ತರಿಸಿದ.

ಅವನು ಕೂರುತ್ತಿದ್ದ ಜಾಗಕ್ಕೆ ಬೋರ್ಡಿನ ಮೇಲೆ ‘ಆಯಾಸ ನಿಗಾ ಕೇಂದ್ರ’ ಎಂದು ಹೆಸರು. ಬಾಯಿಮಾತಿನಲ್ಲಿ ದಣಿವಿನ ಕೋಣೆ. ರಾಣೇಬೆನ್ನೂರಿನಾಚೆ ಕಾಲುವೆಯ ಉದ್ದಕ್ಕೂ ಹಬ್ಬಿದ್ದ ಬೀಜ ಕಂಪನಿಯ, ಬಲೆ ಹೊದಿಸಿ ಗಿಡ ಬೆಳೆಸುವ ಬಲೆಮನೆಗಳಲ್ಲಿ ದುಡಿಯುವ ಇನ್ನೂರು ಚಿಲ್ಲರೆ ಮಂದಿಯ ಹೆಸರು ಆ ಪರದೆಯ ಮೇಲಿರುತ್ತಿತ್ತು, ಹೆಸರಿನ ಪಕ್ಕ ಅವರ ದಣಿವು. ನಲವತ್ತರೊಳಗೆ ಹಸಿರು, ಅದರ ಮೇಲೆ ಹಳದಿ, ಎಪ್ಪತ್ತು ಮುಟ್ಟಿದರೆ ಕೆಂಪು. ಕೆಂಪಾದವರ ಹೆಸರು ಮೈಕಿನಲ್ಲಿ ಕೂಗಿ ಅವರನ್ನು ಮನೆಗೆ ಕಳಿಸುವುದು ಫಕ್ಕೀರೇಶನ ಕೆಲಸ.

ಕಾಯ್ದೆ ಬಂದು ಆರು ವರ್ಷವಾಗಿತ್ತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಪ್ರತಿ ಜಾಗದಲ್ಲೂ ಕೆಲಸಗಾರರಿಗೆ ಪಟ್ಟಿ ಕಟ್ಟಬೇಕು. ಪಟ್ಟಿ ಸ್ನಾಯುವಿನ ಸಣ್ಣ ನಡುಕವನ್ನು ಕೇಳಿಸಿಕೊಳ್ಳುತ್ತದೆ, ಬೆವರಿನ ಉಪ್ಪನ್ನು ನೋಡುತ್ತದೆ, ಓಡಿದ ನಾಡಿ ಮತ್ತೆ ನಿಧಾನವಾಗಲು ಎಷ್ಟು ಹೊತ್ತು ಬೇಕೆಂದು ಕಾಯುತ್ತದೆ. ಮೂರನ್ನೂ ಕಲಸಿ ನೂರರೊಳಗೆ ಒಂದು ಅಂಕಿ ಕೊಡುತ್ತದೆ. ಎಪ್ಪತ್ತು ಮುಟ್ಟಿದ ಮನುಷ್ಯನನ್ನು ಪೂರ್ತಿ ದಿನದ ಸಂಬಳ ಕೊಟ್ಟು ಮನೆಗೆ ಕಳಿಸಬೇಕು. ಒಳ್ಳೆಯ ಕಾಯ್ದೆ. ಅದು ಬರುವುದಕ್ಕೆ ಮೊದಲು ಬಲೆಮನೆಯ ಸೆಕೆಯಲ್ಲಿ ಹೆಂಗಸರು ಎಚ್ಚರ ತಪ್ಪಿ ಗಿಡಗಳ ಮೇಲೆಯೇ ಬೀಳುವುದನ್ನು ಫಕ್ಕೀರೇಶ ಕಣ್ಣಾರೆ ನೋಡಿದ್ದ. ಈಗ ಯಾರೂ ಬೀಳುತ್ತಿರಲಿಲ್ಲ.

ಆದರೆ ಪಟ್ಟಿಗೆ ದಣಿವು ಎಷ್ಟಿದೆ ಎಂಬುದು ಮಾತ್ರ ಗೊತ್ತು. ಎಲ್ಲಿಯದು ಎಂಬುದು ಗೊತ್ತಿಲ್ಲ. ನಲವತ್ತೊಂಬತ್ತಕ್ಕೆ ಒಳಗೆ ಬಂದವಳು ಊಟದ ಗಂಟೆಗೆ ಎಪ್ಪತ್ತು ಮುಟ್ಟುತ್ತಾಳೆ. ಸಂಜೆಯ ಕೆಲಸಕ್ಕೆ ಕೈ ಇಲ್ಲ, ಸಂಬಳ ಮಾತ್ರ ಪೂರ್ತಿ. ಕಂಪನಿಗಳು ಬೇಗ ಕಲಿತವು. ಮದುವೆಯಾಗದ ಹುಡುಗಿಯರನ್ನು ಹಾಸ್ಟೆಲಿನಲ್ಲಿಟ್ಟು ಕೆಲಸಕ್ಕೆ ತಗೊಂಡವು. ಮನೆ, ಮಕ್ಕಳು ಇರುವವರು ಒಂಬತ್ತರ ಮನೆಗಳಿಗೆ ಹೋದರು. ಒಂಬತ್ತರ ಮನೆ ಅಂದರೆ ಒಂಬತ್ತೇ ಜನ ದುಡಿಯುವ ಬಲೆಮನೆ. ಕಾಯ್ದೆ ಅಲ್ಲಿಗೆ ಬರುವುದಿಲ್ಲ. ಕಾಲುವೆಯ ಆಚೆ ಒಬ್ಬನೇ ಮಾಲೀಕ ಒಂದೇ ಬಲೆಮನೆಯೊಳಗೆ ತಗಡು ಅಡ್ಡಹಾಕಿ ಮೂರು ಬೋರ್ಡು ನೇತುಹಾಕಿದ್ದ: ಒಂದು ಅವನ ಹೆಸರಿನದು, ಒಂದು ಹೆಂಡತಿಯದು, ಒಂದು ಅತ್ತೆಯದು. ಅಲ್ಲಿ ಸಂಬಳ ಅರ್ಧ. ಔಷಧಿ ಹೊಡೆಯುವಾಗಲೂ ಯಾರೂ ಹೊರಗೆ ಬರುವಂತಿರಲಿಲ್ಲ.

ಪಾರವ್ವ ಅಲ್ಲಿ ನಾಲ್ಕು ವರ್ಷ ದುಡಿದು ಈ ಕಂಪನಿಗೆ ಹಂಗಾಮಿಯಾಗಿ ಬಂದವಳು. ಅವಳ ಹಾಗೆ ಒಟ್ಟು ನಲವತ್ತು ಹೆಂಗಸರು. ಅವರೆಲ್ಲ ಮಾಡುತ್ತಿದ್ದುದು ಕ್ರಾಸಿಂಗ್: ಸಂಜೆ ಟೊಮೆಟೊ ಮೊಗ್ಗನ್ನು ಚಿಮಟದಿಂದ ಬಿಡಿಸಿ ಗಂಡು ಕೇಸರ ಕೀಳುವುದು, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗವನ್ನು ಅದೇ ಹೂವಿಗೆ ಮುಟ್ಟಿಸುವುದು. ಈ ಕೆಲಸಕ್ಕೆ ತಂದ ಯಂತ್ರಗಳು ಇನ್ನೂ ಮೊಗ್ಗನ್ನು ಜಜ್ಜುತ್ತಿದ್ದವು.

ಆ ಸೋಮವಾರ ಮಧ್ಯಾಹ್ನ ಮ್ಯಾನೇಜರ್ ಮೆಣಸಿನಕಾಯಿ ಸಾಹೇಬರು ಹಂಗಾಮಿ ಹೆಂಗಸರನ್ನು ಕೂಡಿಸಿ ಹೇಳಿದರು: "ಹಂಗಾಮು ಮುಗಿಯೂದರಾಗ ನಿಮ್ಮನ್ನ ಕಾಯಂ ಮಾಡಬೇಕಂತ ನನಗೂ ಐತ್ರವಾ. ಮೊದಲ ಎಂಟ್ಹತ್ತು ದಿನಾ ಬಿಡ್ತೀನಿ, ಆದ್ರ ಅಲ್ಲಿಂದ ತಿಂಗಳು ಮುಗಿಯೂ ತನಕಾ ಗೇಟಿನಾಗ ಹಸಿರು ಬರಬೇಕು. ಹಳದಿ ಬಂದವರನ್ನ ಮತ್ತ ಕರಿಯಾಂಗಿಲ್ಲ. ನಾ ಕೆಟ್ಟವ ಅಲ್ಲ, ಮ್ಯಾಲಿನವರು ಕೇಳ್ತಾರ."

ಮನೆಗೆ ಹೋಗುವಾಗ ಗಾಡಿಯ ಹಿಂದೆ ಕೂತ ಪಾರವ್ವ ಒಂದೇ ಮಾತು ಕೇಳಿದಳು. "ರೀ, ನೀವು ದಿನಾ ಅಂಕಿ ನೋಡಾವ್ರು. ಅದು ಹೆಂಗ ಇಳೀತದ ಹೇಳ್ರಿ. ನಾ ಮತ್ತ ತಗಡಿನ ಆಚೀಕ ಹೋಗಾಂಗಿಲ್ಲ."

ಫಕ್ಕೀರೇಶನಿಗೆ ಹೆಂಡತಿಯ ಮುಂದೆ ತಜ್ಞನಾಗುವ ಅವಕಾಶ ಅಪರೂಪಕ್ಕೆ ಸಿಗುತ್ತಿತ್ತು. "ಭಾಳ ಸರಳ," ಎಂದ. "ಅರ್ಧ ತಾಸು ಮೊದಲ ಬಂದು ಗೇಟಿನ ಮುಂದಿನ ಬೇವಿನ ಗಿಡದ ಕೆಳಗ ಕೂಡು. ಮಜ್ಜಿಗಿ ಕುಡಿ. ನಾಡಿ ತಣ್ಣಗಾಗ್ತದ."

ಮಾತು ಹಬ್ಬಿತು. ಮೂರನೇ ದಿನಕ್ಕೆ ನಲವತ್ತು ಹೆಂಗಸರೂ ಬೇವಿನ ಕೆಳಗಿದ್ದರು. ಎಲ್ಲರ ಕೈಯಲ್ಲೂ ಮಜ್ಜಿಗೆಯ ಬಾಟಲಿ. ಅಂಕಿ ಇಳಿಯಲಿಲ್ಲ, ಎರಡು ಮೂರು ಏರಿತು. ಫಕ್ಕೀರೇಶ ತಲೆ ಕೆರೆದುಕೊಂಡ. ಕೊನೆಗೆ ಪಾರವ್ವನ ಪಕ್ಕದ ಸಾಲಿನ ಹುಸೇನಬಿ ಗೇಟಿನಲ್ಲೇ ಅವನನ್ನು ಹಿಡಿದಳು. "ಏ ಭಾವಾ, ಅರ್ಧ ತಾಸು ಮೊದಲ ಬಂದು ಕೂಡಾಕ ನಾವು ಒಂದು ತಾಸು ಮೊದಲ ಏಳಬೇಕು. ಮಜ್ಜಿಗಿ ಕಡಿಯಾಕ ಇನ್ನೊಂದಿಷ್ಟು ಮೊದಲ. ನಿನ್ನ ಔಷಧಿ ಚೊಲೋ ಐತಿ ಬಿಡು, ರೋಗಿ ಒಬ್ಬಾಕಿ ಉಳೀಬೇಕಷ್ಟ!"

ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ಪಾರವ್ವನೂ ನಕ್ಕಳು. ಅವಳದು ಆ ದಿನ ಐವತ್ತೊಂದು.

ಅಷ್ಟರಲ್ಲಿ ಕಂಪನಿಯವರಿಗೂ ಒಂದು ಅನುಮಾನ ಬಂದಿತ್ತು. ವಾರವಿಡೀ ದುಡಿದು ಶನಿವಾರ ಗೇಟಿಗೆ ಬರುವಾಗ ಹೆಂಗಸರ ಸರಾಸರಿ ನಲವತ್ತೆರಡು, ಒಂದು ದಿನ ರಜೆ ಕಳೆದು ಸೋಮವಾರ ಬರುವಾಗ ನಲವತ್ತೆಂಟು. ಗಂಡಸರದು ಸೋಮವಾರ ಪಾತಾಳಕ್ಕಿಳಿಯುತ್ತಿತ್ತು. ಹೆಂಗಸರ ಪಟ್ಟಿಗಳಲ್ಲಿ ದೋಷವಿದೆ ಎಂದು ತೀರ್ಮಾನಿಸಿ ಪಟ್ಟಿಗಳನ್ನು ಅದಲುಬದಲು ಮಾಡಿದರು. ಅಂಕಿ ಬದಲಾಗಲಿಲ್ಲ. ಕೊನೆಗೆ ಪಟ್ಟಿಯ ಗಣಿತ ಬರೆದವರಲ್ಲಿ ಒಬ್ಬರಾದ ಡಾಕ್ಟರ್ ತಸ್ನೀಮ್ ಅವರನ್ನು ಧಾರವಾಡದಿಂದ ಕರೆಸಿದರು.

ತಸ್ನೀಮ್ ಸಣ್ಣಗೆ, ಚುರುಕಾಗಿ, ಸದಾ ಏನಾದರೂ ಅಗಿಯುತ್ತಿರುವ ಹೆಂಗಸು. ದಣಿವಿನ ಕೋಣೆಯ ಮೂಲೆಯಲ್ಲಿ ತನ್ನ ಪೆಟ್ಟಿಗೆ ಬಿಚ್ಚಿ, ಹತ್ತು ಪಟ್ಟಿಗಳನ್ನು ಒಂದು ರಬ್ಬರಿನ ಕೈಗೆ ಕಟ್ಟಿ, ಅದಕ್ಕೆ ನಡುಕ ಹುಟ್ಟಿಸಿ, ಉಪ್ಪುನೀರು ಹರಿಸಿ ಮಧ್ಯಾಹ್ನದವರೆಗೆ ನೋಡಿದಳು. ಆಮೇಲೆ ಶೇಂಗಾ ಸಿಪ್ಪೆ ಊದುತ್ತ ಫಕ್ಕೀರೇಶನ ಕಡೆ ತಿರುಗಿದಳು.

"ಪಟ್ಟಿ ಛಂದ ಅವ. ಒಂದು ಕೇಳ್ತೀನಿ. ಭಾನುವಾರ ಈ ಹೆಂಗಸರೆಲ್ಲಾ ಏನ್ ಮಾಡ್ತಾರ?"

"ರಜಾ ಅಲ್ರಿ ಮೇಡಂ. ಮನ್ಯಾಗ ಇರ್ತಾರ."

"ನಿಮ್ಮ ಮನಿಯವರು? ಎದ್ದಾಗಿಂದ ಹೇಳ್ರಿ."

ಫಕ್ಕೀರೇಶ ಹೇಳತೊಡಗಿದ. ನಳದ ನೀರು ಭಾನುವಾರವೇ ಬರುತ್ತದೆ, ತುಂಬುತ್ತಾಳೆ. ವಾರದ ಅರಿವೆ ಒಗೆಯುತ್ತಾಳೆ. ಮಗಳು ಇಂಚರಾಳ ತಲೆಗೆ ಎರೆಯುತ್ತಾಳೆ. ಹಿಟ್ಟಿನ ಗಿರಣಿ. ಸಂತೆ. ತನ್ನ ಗೆಳೆಯರು ಊಟಕ್ಕೆ ಬಂದರೆ ಎರಡು ಡಜನ್ ರೊಟ್ಟಿ. ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು. ತಾನು ಆ ದಿನ ಏನು ಮಾಡುತ್ತೇನೆಂದು ಯಾರಾದರೂ ಕೇಳಿಯಾರೆಂದು ಅವನಿಗೆ ಭಯವಾಯಿತು. ತಸ್ನೀಮ್ ಕೇಳಲಿಲ್ಲ. ಪರದೆಯ ಮೇಲೆ ಅವನ ಹೆಸರಿನ ಮುಂದಿನ ಹದಿನೆಂಟನ್ನು ಒಮ್ಮೆ ನೋಡಿ ಪೆಟ್ಟಿಗೆ ಮುಚ್ಚಿದಳು.

"ಕಾಯ್ದೆ ಬರಿಯೂವಾಗ ನಾವು ಹನ್ನೊಂದು ಮಂದಿ ಇದ್ವಿ," ಎಂದಳು. "ಮನುಷ್ಯ ಬೆಳಿಗ್ಗೆ ಎದ್ದು ಬರ್ತಾನ, ಹೊಸದಾಗಿ ಬರ್ತಾನ ಅಂತ ಹಿಡಿದಿದ್ವಿ. ನಾನೂ ಅಲ್ಲೇ ಕೂತಿದ್ದೆ. ಮನ್ಯಾಗ ಎರಡು ಕೆಲಸ ಮುಗಿಸಿ ಹೋಗಿದ್ದೆ. ನನಗೂ ಹೊಳೀಲಿಲ್ಲ ನೋಡ್ರಿ."

ಮರುದಿನ ಬೆಳಿಗ್ಗೆ ಫಕ್ಕೀರೇಶ ಹೆಂಡತಿಗಿಂತ ಮೊದಲು ಎದ್ದ. ಕಸಬರಿಗೆ ಹಿಡಿದು ಅಂಗಳಕ್ಕೆ ಬಂದಾಗ ಅವನ ತಾಯಿ ಕೊಟ್ರವ್ವ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಯಾಕೋ ತಮ್ಮಾ? ಏನ್ ಕಳಕೊಂಡಿ?"

"ಕಸಾ ಹೊಡೀತೀನವ್ವಾ."

"ಹೊತ್ತು ಹುಟ್ಟೂದ ತಡ ಇಲ್ಲ, ಮುಂದಿನ ಮನಿ ಗುಡ್ಡಪ್ಪ ಎದ್ದು ನೋಡ್ತಾನ! ಹಿಂದಿನ ಹಿತ್ತಲ ಹೊಡಿ ಹೋಗು, ಅಲ್ಲಿ ಯಾರೂ ಕಾಣಾಂಗಿಲ್ಲ."

ಹೀಗೆ ಹಿತ್ತಿಲಿನಿಂದ ಶುರುವಾಯಿತು. ಅವನು ಅರಿವೆ ಒಗೆದ, ಹಿಂಡಲು ಬಾರದೆ ಮನೆಯೆಲ್ಲ ಹೊಳೆ ಮಾಡಿದ. ಇಂಚರಾಳಿಗೆ ಜಡೆ ಹಾಕಿದ. "ಅಪ್ಪಾ, ಒಂದು ಕಿವಿ ಕಡೆ ಬಂದೈತಿ, ಒಂದು ಮೂಗಿನ ಕಡೆ," ಎಂದು ಅವಳು ಕನ್ನಡಿ ಮುಂದೆ ನಿಂತು ಹೇಳಿದಳು. ರೊಟ್ಟಿ ಬಡಿದ. ಮೊದಲ ರೊಟ್ಟಿಗೆ ಐದು ಮೂಲೆ. ಪಾರವ್ವ ಗೋಡೆಗೊರಗಿ ಕೂತು ನೋಡುತ್ತಿದ್ದಳು. ಕೂತು ನೋಡುವ ಅಭ್ಯಾಸ ಅವಳಿಗೆ ಇರಲಿಲ್ಲ. ಎರಡು ಸಲ ಎದ್ದಳು, ಎರಡು ಸಲವೂ ಅವನು ಕಣ್ಣು ಬಿಟ್ಟ.

"ಏಳಬ್ಯಾಡ. ನಿನ್ನ ಅಂಕಿ ಏರ್ತದ."

"ನಿಮ್ಮದು ಏರಾಂಗಿಲ್ಲೇನ್ರಿ?"

"ಏರ್ಲಿ. ನಾ ಕಾಯಂ."

ಅಂದ ಮೇಲೆಯೇ ಅದು ಎಷ್ಟು ದೊಡ್ಡ ಮಾತೆಂದು ಅವನಿಗೆ ತಿಳಿದದ್ದು. ಕಾಯಂ ಆದವನನ್ನು ದಣಿದಿದ್ದಾನೆಂದು ತೆಗೆಯುವಂತಿಲ್ಲ. ಹಾಗಾದರೆ ಮನೆಯಲ್ಲಿ ಯಾರನ್ನು ಕಾಯ್ದೆ ಕಾಪಾಡುತ್ತದೋ ಅವರೇ ದಣಿಯಬೇಕು. ಇಷ್ಟು ಸರಳ ಲೆಕ್ಕ ಇಷ್ಟು ವರ್ಷ ತಲೆಕೆಳಗಾಗಿ ನಡೆದಿತ್ತು.

ಆ ವಾರ ಪಾರವ್ವ ಮೂವತ್ತೇಳಕ್ಕೆ ಗೇಟು ದಾಟಿದಳು. ಫಕ್ಕೀರೇಶ ನಲವತ್ತಾರಕ್ಕೆ. ಕೂತು ಮಾಡುವ ಕೆಲಸವಾದರೂ ಮೂರು ಗಂಟೆಗೆ ಅವನದು ಎಪ್ಪತ್ತು ಮುಟ್ಟಿತು. ತನ್ನ ಹೆಸರನ್ನು ತಾನೇ ಮೈಕಿನಲ್ಲಿ ಕೂಗಿ, ಬದಲಿ ಆಳಿಗೆ ಕುರ್ಚಿ ಬಿಟ್ಟು, ಪೂರ್ತಿ ಸಂಬಳದೊಂದಿಗೆ ಮನೆಗೆ ಹೋಗಿ ಸಾರು ಕುದಿಸಿದ.

ಇದು ಗುಟ್ಟಾಗಿ ಉಳಿಯುವಂಥದ್ದಲ್ಲ. ಹೆಂಗಸರು ಅದನ್ನು ಸಾಲು ಸಾಲಾಗಿ ದಾಟಿಸಿದರು, ಮನೆಗೆ ಒಯ್ದರು. ಮೊದಲು ನಕ್ಕವನು ಅದೇ ಮುಂದಿನ ಮನೆಯ ಗುಡ್ಡಪ್ಪ, ಕಂಪನಿಯ ನೀರಿನ ಪಂಪು ನೋಡುವವನು. "ಏನಲೇ ಫಕ್ಕೀರ್ಯಾ, ನಾಳಿಗೆ ಸೀರೀನೂ ಉಟಕೊಂಡು ಬಾ!" ಎರಡು ದಿನದ ಮೇಲೆ ಅವನ ಅಂಕಿಯೂ ಹಳದಿಗೆ ಬಂತು. ಕೇಳಿದರೆ ಸೊಂಟ ಉಳುಕಿದೆ ಎಂದ. ಅವನ ಹೆಂಡತಿಯೂ ಆ ನಲವತ್ತರಲ್ಲಿ ಒಬ್ಬಳು, ಅವಳ ಅಂಕಿ ಮೂವತ್ತೈದು. ಪರದೆ ಎಲ್ಲವನ್ನೂ ಹೇಳುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಲಾರಿ ಓಡಿಸುವವರು, ಶೀತಕೋಣೆಯವರು, ಗೇಟಿನ ಕಾವಲಿನವರು, ಹೆಂಡತಿ ಹಂಗಾಮಿಯಾಗಿದ್ದ ಕಾಯಂ ಗಂಡಸರೆಲ್ಲ ಹಳದಿಗೇರಿದ್ದರು. ಬೆರಳಿಗೆ ಸುಟ್ಟ ಗಾಯ, ಅಂಗಿಯ ಮೇಲೆ ಹಿಟ್ಟು, ಬಾಯಲ್ಲಿ ಮಾತ್ರ ಸೊಂಟ ಉಳುಕಿದ ಸುದ್ದಿ.

ಮೆಣಸಿನಕಾಯಿ ಸಾಹೇಬರು ಫಕ್ಕೀರೇಶನನ್ನು ಕರೆಸಿದರು. ಬಾಗಿಲು ಹಾಕಿಕೊಂಡು, ಬೈಯಲು ಬಾಯಿ ತೆರೆದು, ನಗು ಬಂದು, ಮತ್ತೆ ಬಾಯಿ ಮುಚ್ಚಿಕೊಂಡರು. ಅವರು ನಿಜಕ್ಕೂ ಕೆಟ್ಟವರಾಗಿರಲಿಲ್ಲ.

"ಲಾರಿ ನಿಂತಾವು. ಪಂಪ್ ನೋಡಾವ್ರಿಲ್ಲ. ಮಧ್ಯಾಹ್ನಕ್ಕ ನನ್ನ ಗಂಡಸರೆಲ್ಲಾ ಮನಿಗೆ ಹೋಗಿ ಸಾರು ಕುದಸ್ತಾರ, ಸಂಬಳ ನಾ ಕೊಡ್ತೀನಿ. ಏನೋ ಇದು?"

"ಹೆಂಗಸರ ಕೈ ನಡುಗೂದು ನಿಂತೈತಲ್ರಿ ಸರ್. ಹೂ ಮುರಿಯೂದು ಕಡಿಮಿ ಆಗೈತಿ. ಕಾಯಿ ಚೊಲೋ ಕಟ್ಟಾಕತ್ತಾವು."

"ಆಗೈತಿ. ನೋಡೀನಿ. ಅದಕ್ಕಽ ನಿನ್ನ ಕೂಡ ಮಾತಾಡಾಕತ್ತೀನಿ." ಅವರು ಕಿಟಕಿಯ ಹತ್ತಿರ ಹೋದರು. ಕಾಲುವೆಯ ಆಚೆ ತಗಡು ಬಿಸಿಲಿಗೆ ಹೊಳೆಯುತ್ತಿತ್ತು. "ಫಕ್ಕೀರೇಶಾ, ನನ್ನ ಜಾಗಾದಾಗ ಕೂತು ನೋಡು. ನಲವತ್ತು ಮಂದೀನ ಕಾಯಂ ಮಾಡೀನಿ ಅನ್ಕೋ. ಮರುದಿನಾನ ಅವರೂ ನಿಮ್ಮಾಂಗ ಹಳದಿ ಬಂದ್ರ? ಯಾರನ್ನೂ ತಗಿಯಾಕ ಬರಂಗಿಲ್ಲ. ಮ್ಯಾಲಿನವರು ಏನಂತಾರ ಗೊತ್ತೈತಿ? ಬಲೆಮನಿ ಮುಚ್ಚು, ಹೂವೆಲ್ಲಾ ಒಂಬತ್ತರ ಮನಿಗಳಿಗೆ ಕೊಡು, ಪಟ್ಟಿ ಇಲ್ಲ, ತಲಿಬ್ಯಾನಿ ಇಲ್ಲ. ಕಾಗದಾ ಆಗಲೇ ತಯಾರ ಐತಿ. ನಾ ತಡದೀನಿ."

ಫಕ್ಕೀರೇಶನೂ ಆ ತಗಡಿನ ಕಡೆ ನೋಡಿದ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ಒಂದು ಕೆಲಸಾ ಮಾಡ್ರಿ," ಎಂದರು ಸಾಹೇಬರು. "ಉಳಿದ ದಿನಾ ಹೆಂಗಸರೂ ಹಸಿರು ಬರಬೇಕು, ಅವರ ಗಂಡಂದಿರೂ ಹಸಿರು ಬರಬೇಕು. ಮನೀಗೆ ಮನೀನ ಹಸಿರು. ಅದನ್ನ ತೋರಿಸಿ ನಲವತ್ತಕ್ಕೂ ಸಹಿ ಹಾಕಿಸ್ತೀನಿ. ನಿಮ್ಮ ಮನ್ಯಾಗ ಯಾರರೆ ಒಬ್ರು ಹಳದಿ ಆದ್ರೂ ನಿನ್ನ ಹೇಣ್ತೀದು ಆಗಾಂಗಿಲ್ಲ. ಹಂಗಽ ಎಲ್ಲಾರಿಗೂ."

ಆ ದಿನ ಗಂಡ ಹೆಂಡತಿ ಕೆಲಸವನ್ನು ಪಾಲು ಮಾಡಿಕೊಂಡರು. ಅವನು ನೀರು, ಅರಿವೆ, ಜಡೆ. ಅವಳು ರೊಟ್ಟಿ, ಪಲ್ಯ. ಸಂತೆ ಒಂದು ವಾರ ಅವನದು, ಒಂದು ವಾರ ಅವಳದು. ಮೊದಲೆರಡು ದಿನ ಇಬ್ಬರೂ ನಲವತ್ತರ ಗೆರೆಗೆ ಮೂಗು ತಾಗಿಸಿಕೊಂಡೇ ಗೇಟು ದಾಟಿದರು. ಪಾರವ್ವ ಪಟ್ಟಿ ಕಟ್ಟಿಸಿಕೊಳ್ಳುವಾಗ ಉಸಿರು ಬಿಗಿಹಿಡಿಯುತ್ತಿದ್ದಳು.

ಮೂರನೆಯ ದಿನದಿಂದ ಒಂದು ಸೋಜಿಗ ನಡೆಯಿತು. ಅಂಕಿ ತಾನಾಗಿಯೇ ಇಳಿಯತೊಡಗಿತು. ಮೂವತ್ತೇಳು, ಮೂವತ್ತೈದು, ಮೂವತ್ತೆರಡು. ಅವನದೂ ಹಾಗೆಯೇ. ಏಳುವ ಹೊತ್ತಿಗೆ ನೀರು ಕಾಯುತ್ತಿತ್ತು. ಒಗೆಯಲು ಹೋದರೆ ಅರ್ಧ ಅರಿವೆ ಆಗಲೇ ಹಗ್ಗದ ಮೇಲೆ. ಸಂಜೆ ಬಂದರೆ ಕಾಳು ಹಸನಾಗಿ ಮೊರದಲ್ಲಿ.

"ಕೈ ಹಿಡಿತ ಬಂತು ನೋಡು," ಎಂದ ಫಕ್ಕೀರೇಶ. "ಎಲ್ಲಾ ರೂಢಿ. ಹೊಂದಿಸ್ಕೊಂಡು ಮಾಡಿದ್ರ ಮನಿಗೆಲಸ ಅಂಥಾದ್ದೇನಲ್ಲ."

ಪಾರವ್ವ ಅವನನ್ನು ಒಂದು ಥರ ನೋಡಿದಳು. ತನಗೂ ಹಾಗೇ ನಂಬಬೇಕೆನಿಸಿತ್ತು.

ಮನೆಗೆ ಮನೆಯೇ ಹಸಿರಾಗುತ್ತಿರುವುದನ್ನು ಕೇಳಿ ತಸ್ನೀಮ್ ಮತ್ತೆ ಬಂದಳು. ಅವಳಿಗೆ ಖುಷಿಗಿಂತ ಅನುಮಾನ ಜಾಸ್ತಿ. "ಇಷ್ಟು ಲಗೂನ ಇಳೀಬಾರದು," ಎಂದಳು. ಹೋಗುವಾಗ ಫಕ್ಕೀರೇಶನ ಕೈಗೆ ಒಂದು ಪ್ರಯೋಗದ ಪಟ್ಟಿ ಕೊಟ್ಟಳು. ಅದು ಎಲ್ಲಿದ್ದರೂ ತನ್ನ ಅಂಕಿಯನ್ನು ದಣಿವಿನ ಕೋಣೆಯ ಪರದೆಯ ತಳದಲ್ಲಿ ತೋರಿಸುತ್ತಿತ್ತು. "ಭಾನುವಾರ ಮನ್ಯಾಗ ಕಟ್ಟಿ ನೋಡ್ರಿ. ಯಾರಿಗೆ ಬೇಕಾದ್ರೂ."

ತಿಂಗಳು ಮುಗಿಯಲು ನಾಲ್ಕು ದಿನವಿದ್ದ ಭಾನುವಾರ ಅದು. ಊಟವಾದ ಮೇಲೆ ಫಕ್ಕೀರೇಶ ಪಟ್ಟಿ ತೆಗೆದು ಮೊದಲು ಇಂಚರಾಳಿಗೆ ಕಟ್ಟಿದ. ಒಂಬತ್ತು. "ನಾ ಆಟ ಆಡಿ ಬಂದೀನಲ್ಲ," ಎಂದು ಅವಳು ಬೇಜಾರು ಮಾಡಿಕೊಂಡಳು. ಪಾರವ್ವನಿಗೆ ಮೂವತ್ತಮೂರು.

"ನನಗೂ ಕಟ್ಟೋ," ಎಂದಳು ಕೊಟ್ರವ್ವ. ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. "ಬಳಿ ತಗದ ಮ್ಯಾಲ ಕೈಗೆ ಏನೂ ಹಾಕ್ಕೊಂಡಿಲ್ಲ."

ಅವನು ನಗುತ್ತ ಕಟ್ಟಿದ. ಪಟ್ಟಿ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಕೆಂಪಾಯಿತು. ಎಪ್ಪತ್ತನಾಲ್ಕು.

ಫಕ್ಕೀರೇಶ ಬಿಚ್ಚಿ ಮತ್ತೆ ಕಟ್ಟಿದ. ಎಪ್ಪತ್ತನಾಲ್ಕು. ಕೂತವಳು, ಉಂಡವಳು, ಏನೂ ಮಾಡದವಳು.

"ಎಷ್ಟು ಬಂತು?" ಕೊಟ್ರವ್ವ ಕೇಳಿದಳು. "ಚೊಲೋ ಬಂತಿಲ್ಲೋ? ನಿಮ್ಮಿಬ್ರಿಗಿಂತ ಜಾಸ್ತಿ ಐತಿಲ್ಲ!"

ಪಾರವ್ವ ಅತ್ತೆಯ ಕೈ ಹಿಡಿದು ಮಗುಚಿ ನೋಡಿದಳು. ಸೋಪಿನ ನೀರಿನಲ್ಲಿ ಸುಕ್ಕಿ ಬಿರಿದ ಬೆರಳು. "ಅತ್ತೀ, ನೀರು ಯಾರ್ ಕಾಸಾಕತ್ತಾರ? ಅರಿವಿ ಯಾರ್ ಒಗ್ಯಾಕತ್ತಾರ? ನಾವು ಹೊಂದಿಸ್ಕೊಂಡೀವಿ ಅಂತ ಕುಣ್ಯಾಕತ್ತೀವಿ."

"ನನಗೇನ್ ಗೇಟು ಐತೇನವಾ?" ಎಂದಳು ಕೊಟ್ರವ್ವ. "ನಾ ಯಾರಿಗೆ ಹಸಿರಾಗಿ ತೋರಸಬೇಕು? ನಿಂದು ಕಾಯಂ ಆಗ್ಲಿ ಅಂತ ಒಂದೀಟು ಕೈ ಆಡಿಸೀನಿ. ಅಲ್ಲಿ ತಗಡಿನಾಗ ನೀ ನಾಕು ವರ್ಷ ಕೆಮ್ಮಿದ್ದು ನಾ ಕೇಳೀನಿ. ಮತ್ತ ಕೇಳಬೇಕೇನು?"

ಪಾರವ್ವ ಎದ್ದು ಟ್ರಂಕಿನಿಂದ ಅತ್ತೆಯ ಎರಡು ಸೀರೆ ತೆಗೆದು ಚೀಲಕ್ಕೆ ಹಾಕತೊಡಗಿದಳು.

"ಏನ್ ಮಾಡಾಕತ್ತಿ?" ಫಕ್ಕೀರೇಶ ಕೇಳಿದ.

"ಎಪ್ಪತ್ತು ದಾಟಿದ್ರ ಮನಿಗೆ ಕಳಸಬೇಕಂತ ಕಾಯ್ದೆ ಐತಲ್ರಿ."

"ಅವ್ವ ಮನ್ಯಾಗಽ ಅದಾಳ. ಎಲ್ಲಿಗೆ ಕಳಸ್ತಿ?"

"ಹರಪನಹಳ್ಳಿಗೆ. ಸಣ್ಣತ್ತಿ ಮನಿಗೆ. ಅಕ್ಕಾ ತಂಗಿ ಕೂತು ಎಲಿ ಅಡಕಿ ಹಾಕ್ಕೊಳ್ಳಿ."

ಅವನು ದನಿ ತಗ್ಗಿಸಿದ. "ಪಾರೂ, ನಾಕು ದಿನಾ. ನಾಕಽ ದಿನಾ. ಅವ್ವ ಈಗ ಹೋದ್ರ ಆ ಕೆಲಸೆಲ್ಲಾ ನಮ್ಮ ಮ್ಯಾಲ ಬೀಳ್ತದ. ನಾಳೆ ಸೋಮವಾರ. ಇಬ್ರಾಗ ಒಬ್ರು ಹ‌ಳದಿ ಆಗ್ತೀವಿ. ಇಷ್ಟು ಮಾಡಿದ್ದು ಎಲ್ಲಾ ಹೊಳ್ಯಾಗ ಹೋಗ್ತದ. ನಾಕು ದಿನಾ ಆದ ಮ್ಯಾಲ ನಾನಽ ಬಿಟ್ಟು ಬರ್ತೀನಿ."

ಪಾರವ್ವ ಚೀಲದ ಬಾಯಿ ಕಟ್ಟುತ್ತ ಹೇಳಿದಳು: "ಈ ಮಾತು ನಾ ಬ್ಯಾರೆ ಕಡೆ ಕೇಳೀನ್ರಿ. ‘ಇವತ್ತೊಂದು ದಿನಾ ಔಷಧಿ ವಾಸನಿ ತಡಕೋರಿ, ನಾಳೆ ಬಿಡ್ತೀವಿ’ ಅಂತಿದ್ದ ತಗಡಿನ ಮಾಲಕ. ನನ್ನ ನೌಕರಿ ನನಗ ಬೇಕು. ಜೀವದಷ್ಟಽ ಬೇಕು. ಆದ್ರ ಕೆಂಪು ಅಂದ್ರ ಕೆಂಪು."

ಸಂಜೆಯ ಬಸ್ಸಿಗೆ ಕೊಟ್ರವ್ವನನ್ನು ಕೂರಿಸಿದರು. ಪಟ್ಟಿ ಬಿಚ್ಚಲು ಅವಳು ಒಪ್ಪಲಿಲ್ಲ. "ತಂಗಿಗೆ ತೋರಸ್ತೀನಿ," ಎಂದಳು. ಬಸ್ಸು ಹೊರಟಾಗ ಕಿಟಕಿಯಿಂದ ಕೈಯಾಡಿಸಿದಾಗ ಅದು ಇನ್ನೂ ಕೆಂಪಗೇ ಇತ್ತು.

ವಾಪಸು ಬಂದು ಇಬ್ಬರೂ ಮನೆಯ ನಡುವೆ ನಿಂತು ಸುತ್ತ ನೋಡಿದರು. ಒಗೆಯದ ಅರಿವೆ, ತೊಳೆಯದ ಪಾತ್ರೆ, ಹಾಸದ ಹಾಸಿಗೆ. ಫಕ್ಕೀರೇಶ ಅಂಗಿಯ ತೋಳು ಮೇಲೇರಿಸಿದ.

"ಬ್ಯಾಡ," ಎಂದಳು ಪಾರವ್ವ.

"ಮತ್ತ ಯಾರ್ ಮಾಡ್ತಾರ?"

"ಯಾರೂ ಮಾಡೂದ ಬ್ಯಾಡ."

ಇದು ಇಬ್ಬರಿಗೂ ಈವರೆಗೆ ಹೊಳೆದಿರಲಿಲ್ಲ. ಕೆಲಸವನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದ್ದರು, ಪಾಲು ಮಾಡಿದ್ದರು, ಮುಚ್ಚಿಟ್ಟಿದ್ದರು. ಬಿಟ್ಟಿರಲಿಲ್ಲ. ಆ ನಾಲ್ಕು ದಿನ ಅಂಗಳ ಕಸಬರಿಗೆ ಕಾಣಲಿಲ್ಲ. ಮೂವರೂ ಬೆಳಿಗ್ಗೆ ಮಂಡಕ್ಕಿ ತಿಂದರು, ಸಂಜೆ ಬಸ್‌ಸ್ಟ್ಯಾಂಡಿನ ಖಾನಾವಳಿಯ ರೊಟ್ಟಿ. ಇಂಚರಾ ಕೂದಲು ಬಿಟ್ಟುಕೊಂಡು ಶಾಲೆಗೆ ಹೋಗಿ, ಇದೇ ಚಂದವೆಂದು ಹೇಳಿಸಿಕೊಂಡು ಬಂದಳು. ಮುಂದಿನ ಮನೆಯಲ್ಲಿ ಗುಡ್ಡಪ್ಪನ ಹೆಂಡತಿ ಬಾಗಿಲಲ್ಲಿ ನಿಂತು ಅವರ ಅಂಗಳ ನೋಡಿದಳು. ಏನಾದರೂ ಅಂದಾಳೆಂದು ಪಾರವ್ವ ಕಾದಳು. ಮರುದಿನ ಅವರ ಅಂಗಳದಲ್ಲೂ ಬೇವಿನೆಲೆ ಹಾಗೇ ಬಿದ್ದಿತ್ತು.

ಫಕ್ಕೀರೇಶನಿಗೆ ಸುಮ್ಮನಿರುವುದೇ ಕಷ್ಟವಾಯಿತು. ಪಾತ್ರೆಯ ರಾಶಿ ದಾಟುವಾಗ ಕೈ ತಾನಾಗಿ ಚಾಚುತ್ತಿತ್ತು. ಪಾರವ್ವ ನಕ್ಕಳು. "ಒಂದು ತಿಂಗಳಿಗೇ ಹಿಂಗಾತೇನ್ರಿ? ನನಗೆ ಹೆಂಗಾಗಿರಬೇಕು ಲೆಕ್ಕಾ ಹಾಕ್ರಿ."

ಸೋಮವಾರ ಅವಳದು ಮೂವತ್ತೊಂದು. ಅವನದು ಇಪ್ಪತ್ತಾರು. ಮಂಗಳವಾರವೂ ಹಸಿರು, ಬುಧವಾರವೂ ಹಸಿರು.

ದಣಿವಿನ ಕೋಣೆಯ ಪರದೆಯ ತಳದಲ್ಲಿ ಹೆಸರಿಲ್ಲದ ಒಂದು ಅಂಕಿಯೂ ಇತ್ತು. ಸೋಮವಾರ ಅರವತ್ತೊಂದು. ಮಂಗಳವಾರ ನಲವತ್ತೆಂಟು. ಬುಧವಾರ ಮಧ್ಯಾಹ್ನ ಅದು ಮೂವತ್ತೊಂಬತ್ತಕ್ಕಿಳಿದು ಹಸಿರಾದಾಗ ಫಕ್ಕೀರೇಶ ಕೋಣೆಯಲ್ಲಿ ಯಾರೂ ಇಲ್ಲದ್ದನ್ನು ನೋಡಿ ಎದ್ದು ನಿಂತು ಅದನ್ನು ಬೆರಳಿನಿಂದ ಮುಟ್ಟಿದ. ಹುಟ್ಟಿದಾಗಿನಿಂದ ಅವನು ತಾಯಿಯನ್ನು ಹಸಿರಾಗಿ ನೋಡಿರಲಿಲ್ಲ.

ಗುರುವಾರ ಕೊನೆಯ ದಿನ. ಪಾರವ್ವ ಮೂವತ್ತಕ್ಕೆ ಗೇಟು ದಾಟಿದಳು, ಅವನು ಇಪ್ಪತ್ತೈದಕ್ಕೆ. ಹತ್ತು ಗಂಟೆಗೆ ಮೆಣಸಿನಕಾಯಿ ಸಾಹೇಬರು ಬಲೆಮನೆಗೆ ಹೋಗಿ ಹೆಸರು ಓದಿದರು. ಮೂವತ್ತೆಂಟು ಮಂದಿ ಕಾಯಂ. ಇಬ್ಬರು ಇಲ್ಲ, ಅವರ ಮನೆಗಳಲ್ಲಿ ಬಿಡಬಹುದಾದ ಕೆಲಸ ಯಾವುದೂ ಇರಲಿಲ್ಲ, ಒಬ್ಬಳ ಗಂಡ ಹಾಸಿಗೆ ಹಿಡಿದಿದ್ದ, ಇನ್ನೊಬ್ಬಳದು ಅವಳಿಜವಳಿ ಕೂಸು. ಸಾಹೇಬರು ಆ ಎರಡು ಹೆಸರುಗಳ ಮುಂದೆ ಬಹಳ ಹೊತ್ತು ಕನ್ನಡಕ ಒರೆಸಿಕೊಂಡರಂತೆ. ಹುಸೇನಬಿ ಆ ಇಬ್ಬರ ನಡುವೆ ನಿಂತು ಇಬ್ಬರ ಹೆಗಲ ಮೇಲೂ ಕೈ ಹಾಕಿದಳಂತೆ. ಪಾರವ್ವ ಇದನ್ನೆಲ್ಲ ಫೋನಿನಲ್ಲಿ ಹೇಳಿದಳು. ಕೊನೆಗೆ, "ಆತ್ರೀ ನಂದು," ಎಂದಳು.

ತಾಯಿಗೆ ಹೇಳೋಣವೆಂದು ಅವನು ಪರದೆಯ ತಳಕ್ಕೆ ಕಣ್ಣು ಹಾಯಿಸಿದ. ಮೂವತ್ತೈದು ಇರಬೇಕಾದಲ್ಲಿ ಐವತ್ತೆಂಟಿತ್ತು. ಅವನು ನೋಡುತ್ತಿದ್ದಂತೆ ಐವತ್ತೊಂಬತ್ತಾಯಿತು.

ಫೋನು ಬಹಳ ಹೊತ್ತು ಬಡಿದುಕೊಂಡ ಮೇಲೆ ಕೊಟ್ರವ್ವ ತೆಗೆದಳು. ಹಿಂದೆ ನೀರು ಸುರಿಯುವ ಸದ್ದು.

"ಅವ್ವಾ, ಪಾರೂದು ಕಾಯಂ ಆತು."

"ನಮ್ಮಪ್ಪ ಕೊಟ್ರೇಶಾ, ಕಣ್ಣು ತೆರದೀ ದೇವ್ರೇ!" ಅವಳ ದನಿ ಏರಿತು. "ಅಕಿಗೆ ಹೇಳು, ನಾ ಬಂದು ಹೋಳಿಗಿ ಮಾಡ್ತೀನಿ."

"ಹೋಳಿಗಿ ಇರ್ಲಿ. ನೀ ಈಗ ಏನ್ ಮಾಡಾಕತ್ತಿ?"

"ಏನಿಲ್ಲೋ. ಕೂತೀನಿ."

"ಸುಳ್ಳು ಹೇಳಬ್ಯಾಡ. ನಿಂದು ಐವತ್ತೊಂಬತ್ತು ಐತಿ. ನಂಗ ಇಲ್ಲಿ ಕಾಣಾಕತ್ತೈತಿ. ಕೆಳಗ ಇಡು ಅದನ್ನ, ಕೂಡು."

ಆಚೆ ನೀರಿನ ಸದ್ದು ನಿಂತಿತು. ಕೊಟ್ರವ್ವ ದನಿ ಇಳಿಸಿ, ಪಕ್ಕದ ಕೋಣೆಯಲ್ಲಿ ಯಾರಿಗೂ ಕೇಳಬಾರದೆಂಬಂತೆ ಹೇಳಿದಳು:

"ಇಲ್ಲಿ ನನ್ನ ತಂಗಿ ಸೊಸಿ ಅದಾಳಲ್ಲ, ಅಕಿ ಕಂಪನ್ಯಾಗೂ ಪಟ್ಟಿ ಕಟ್ತಾರಂತೋ ತಮ್ಮಾ. ಹಂಗಾಮಿ ಅಂತ. ದಿನಾ ನಲವತ್ತಮೂರಕ್ಕ ಹೋಗ್ತಾಳ, ಪಾಪ. ಇಕೀದೂ ಒಂದು ಕಾಯಂ ಆಗಿ ಬಿಡ್ಲಿ. ಆಮ್ಯಾಲ ಕೂಡತೀನಿ."